ಊರು ಬಿಟ್ಟು ಬಂದ ದೇವಿ



ಈಚೆಗೆ ತರಗತಿಯಲ್ಲಿ ಹಬ್ಬಗಳ ಬಗ್ಗೆ ಮಾತಾಡುತ್ತಿದ್ದಾಗ ಒಬ್ಬಳು ಪುಟ್ಟ ಹುಡುಗಿ ಕೈ ಎತ್ತಿ ಕೇಳಿದಳು: "ಊರಲ್ಲಿ ಅಜ್ಜಿ ಗೌರಿ ಕೂರಿಸೋದೇ ಬೇರೆ ಥರ, ಇಲ್ಲಿ ಅಮ್ಮ ಕೂರಿಸೋದೇ ಬೇರೆ ಥರ. ಅಲ್ಲಿ ಬಾಗಿನಕ್ಕೆ ಮೊರ, ಇಲ್ಲಿ ಪ್ಲಾಸ್ಟಿಕ್ ಬುಟ್ಟಿ. ಹಾಗಾದ್ರೆ ನಮ್ಮನೆ ಗೌರಿ ನಿಜವಾದ ಗೌರಿ ಹೌದಾ, ಅಲ್ವಾ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಉತ್ತರ ಮಾತ್ರ ತಕ್ಷಣ ಹೊಳೆಯಲಿಲ್ಲ. "ಮುಂದಿನ ಅಂಕಣದಲ್ಲಿ ಹೇಳ್ತೀನಿ" ಎಂದು ತಪ್ಪಿಸಿಕೊಂಡೆ. ಮನೆಗೆ ಬಂದು ಯೋಚಿಸಿದಾಗ ಇದೇ ಪ್ರಶ್ನೆಯನ್ನು ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಎದುರಿಸಿದ ಒಬ್ಬ ದೇವಿಯ ನೆನಪಾಯಿತು. ಆಕೆಯ ಹೆಸರು ಐಸಿಸ್. ಹುಟ್ಟೂರು ಈಜಿಪ್ಟ್. ಆಕೆ ಗ್ರೀಕರ ಕೈಗೆ ಸಿಕ್ಕಿ ಹೇಗೆ ಬದಲಾದಳು, ಏನನ್ನು ಉಳಿಸಿಕೊಂಡಳು, ಏನನ್ನು ಕಳೆದುಕೊಂಡಳು ಎಂಬುದೇ ಈ ತಿಂಗಳ ಕಥೆ.

ಮೊದಲೇ ಒಂದು ಮಾತು. ಈ ಹೆಸರು ಕೇಳಿದ ಕೂಡಲೇ ಕೆಲವರಿಗೆ ಸುದ್ದಿಯಲ್ಲಿ ಬರುತ್ತಿದ್ದ ಒಂದು ಉಗ್ರಗಾಮಿ ಗುಂಪು ನೆನಪಾಗಬಹುದು. ಅದು ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿಸಿ ಮಾಡಿದ ಹೆಸರು. ದೇವಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಅಸೆತ್ ಎಂಬ ತಾಯಿ

ಈಜಿಪ್ಟಿನವರು ಆಕೆಯನ್ನು ಐಸಿಸ್ ಎಂದು ಕರೆಯುತ್ತಿರಲಿಲ್ಲ. ಅವರ ಬಾಯಲ್ಲಿ ಆಕೆ ಹೆಚ್ಚುಕಡಿಮೆ "ಅಸೆತ್". ಅವಳ ಹೆಸರನ್ನು ಬರೆಯಲು ಬಳಸುತ್ತಿದ್ದ ಚಿಹ್ನೆ ಒಂದು ಸಿಂಹಾಸನ. ಹಳೆಯ ಚಿತ್ರಗಳಲ್ಲಿ ಆಕೆಯ ತಲೆಯ ಮೇಲೆ ಮೆಟ್ಟಿಲಿನಂಥ ಆಕಾರ ಕಾಣುತ್ತದಲ್ಲ, ಅದು ಕಿರೀಟವಲ್ಲ, ಆಕೆಯ ಹೆಸರೇ. ಎಷ್ಟೋ ದೇವಿಯರು ನೋಡಲು ಒಂದೇ ಥರ ಇರುವಾಗ ಇವಳು ಯಾರೆಂದು ಗುರುತಿಸಲು ತಲೆಯ ಮೇಲೆ ಹೆಸರು ಬರೆದುಬಿಟ್ಟಿದ್ದಾರೆ!

ಸುಮಾರು ಕ್ರಿ.ಪೂ. 2350ರ ಹೊತ್ತಿಗೆ ಉನಾಸ್ ಎಂಬ ರಾಜನ ಪಿರಮಿಡ್ಡಿನ ಒಳಗೋಡೆಗಳ ಮೇಲೆ ಕೆತ್ತಿದ ಮಂತ್ರಗಳಲ್ಲಿ ಆಕೆಯ ಹೆಸರು ಬರುತ್ತದೆ. ಆಕೆಯ ಕಥೆ ಹೀಗಿದೆ: ಗಂಡ ಓಸಿರಿಸ್ ಒಳ್ಳೆಯ ರಾಜ. ಅವನ ತಮ್ಮ ಸೇತ್ ಹೊಟ್ಟೆಕಿಚ್ಚಿನಿಂದ ಅವನನ್ನು ಕೊಲ್ಲುತ್ತಾನೆ. ತಂಗಿ ನೆಫ್ತಿಸ್ ಜತೆ ಐಸಿಸ್ ಊರೂರು ಅಲೆದು ಗಂಡನ ದೇಹವನ್ನು ಹುಡುಕುತ್ತಾಳೆ, ತನ್ನ ಮಂತ್ರಶಕ್ತಿಯಿಂದ ಅವನಿಗೆ ಮತ್ತೆ ಜೀವ ತುಂಬುತ್ತಾಳೆ. ಓಸಿರಿಸ್ ಸತ್ತವರ ಲೋಕಕ್ಕೆ ರಾಜನಾಗುತ್ತಾನೆ. ಇತ್ತ ಐಸಿಸ್ ಮಗ ಹೋರಸ್‌ನನ್ನು ನೈಲ್ ನದಿಯ ಜವುಗು ಪ್ರದೇಶದ ಜೊಂಡಿನ ನಡುವೆ ಬಚ್ಚಿಟ್ಟು ಸಾಕುತ್ತಾಳೆ. ಮಗ ದೊಡ್ಡವನಾಗಿ ಅಪ್ಪನ ರಾಜ್ಯವನ್ನು ಮರಳಿ ಪಡೆಯುತ್ತಾನೆ.

ಸತ್ಯವಾನನ ಸಾವಿತ್ರಿಯನ್ನು ಬಲ್ಲ ನಿಮ್ಮ ಅಜ್ಜಿಗೆ ಈ ಕಥೆ ಹೇಳಿದರೆ ಅವರಿಗೆ ಅಷ್ಟೇನೂ ಹೊಸದು ಅನ್ನಿಸಲಿಕ್ಕಿಲ್ಲ.

ಆಕೆ ಈಜಿಪ್ಟಿನಲ್ಲಿದ್ದಾಗಲೇ ಬದಲಾಗುತ್ತಿದ್ದಳು ಎಂಬುದನ್ನೂ ಗಮನಿಸಿ. ಹಾಥೋರ್ ಎಂಬ ಇನ್ನೊಬ್ಬ ದೇವಿಗೆ ಹಸುವಿನ ಕೊಂಬು, ಅದರ ನಡುವೆ ಸೂರ್ಯನ ಬಿಂಬ ಇತ್ತು. ಕಾಲಕ್ರಮೇಣ ಐಸಿಸ್ ಅದನ್ನೂ ತಲೆಯ ಮೇಲೆ ಇಟ್ಟುಕೊಂಡಳು. ಹಾಗಾಗಿ "ಗ್ರೀಕರು ಬರುವ ಮೊದಲು ಎಲ್ಲ ಅಚ್ಚುಕಟ್ಟಾಗಿತ್ತು, ಅವರು ಬಂದು ಕೆಡಿಸಿದರು" ಎಂದುಕೊಳ್ಳಬೇಡಿ. ಹರಿಯುವ ನೀರು ಮೊದಲಿನಿಂದಲೂ ಹರಿಯುತ್ತಲೇ ಇತ್ತು.

ಬಸ್ಸು, ಕಾರು, ಐಸಿಸ್

ಈಗ ಗ್ರೀಕರು ಬರುತ್ತಾರೆ. ಮೊದಲು ಬಂದವರು ವ್ಯಾಪಾರಿಗಳು, ಕೂಲಿ ಸೈನಿಕರು, ಪ್ರವಾಸಿಗಳು. ಕ್ರಿ.ಪೂ. 5ನೇ ಶತಮಾನದಲ್ಲಿ ಹೆರೊಡೋಟಸ್ ಎಂಬ ಇತಿಹಾಸಕಾರ ಈಜಿಪ್ಟ್ ಬಗ್ಗೆ ಬರೆದ. ಗ್ರೀಕರ ಅಭ್ಯಾಸವೇನೆಂದರೆ, ಬೇರೆಯವರ ದೇವರನ್ನು ಕಂಡಾಗ "ಇದು ಸುಳ್ಳು ದೇವರು" ಎನ್ನುತ್ತಿರಲಿಲ್ಲ. "ನಮ್ಮಲ್ಲಿ ಇವರಿಗೆ ಏನೆಂದು ಹೆಸರು?" ಎಂದು ಕೇಳುತ್ತಿದ್ದರು. ಹೆರೊಡೋಟಸ್ ಕೊಟ್ಟ ಉತ್ತರ: ಐಸಿಸ್ ಎಂದರೆ ನಮ್ಮ ದಿಮೀತರ್. ದಿಮೀತರ್ ಬೆಳೆಯ ದೇವಿ, ಕಳೆದುಹೋದ ಮಗಳನ್ನು ಹುಡುಕುತ್ತಾ ಅಲೆದ ತಾಯಿ. ಇಬ್ಬರೂ ಹುಡುಕುವವರು, ಇಬ್ಬರೂ ದುಃಖ ಉಂಡವರು.

ನಾವೂ ಇದನ್ನೇ ಮಾಡುತ್ತೇವೆ. ಸವದತ್ತಿಯ ಎಲ್ಲಮ್ಮನನ್ನು ಪುರಾಣದ ರೇಣುಕೆ ಎನ್ನುತ್ತೇವೆ, ಜಮದಗ್ನಿಯ ಹೆಂಡತಿ, ಪರಶುರಾಮನ ತಾಯಿ ಎಂದು ನಂಟು ಹೇಳುತ್ತೇವೆ. ಮೈಸೂರಿನ ಚಾಮುಂಡಿ ಪುರಾಣದಲ್ಲಿ ಮಹಿಷಾಸುರನನ್ನು ಕೊಂದ ಉಗ್ರದೇವಿ. ಆದರೆ ಅದೇ ಸೀಮೆಯ ಜನಪದ ಹಾಡುಗಳಲ್ಲಿ ಆಕೆ ನಂಜನಗೂಡಿನ ನಂಜುಂಡನಿಗೆ ಮನಸೋತ ಹೆಣ್ಣು, ಸವತಿಯ ಜತೆ ಜಗಳವಾಡುವ ಹೆಣ್ಣು. ಬೆಟ್ಟದ ಮೇಲಿರುವ ಗುಡಿ ಒಂದೇ. ಆದರೆ ಹತ್ತಿ ಬರುವವರೆಲ್ಲರ ಮನಸ್ಸಿನಲ್ಲಿ ಇರುವ ಅಮ್ಮ ಒಂದೇ ಥರ ಇರುವುದಿಲ್ಲ.

ಹೆಸರಿನ ವಿಷಯಕ್ಕೆ ಬರೋಣ. ಕನ್ನಡದ ಬಾಯಿಗೆ ಪದದ ಕೊನೆಯಲ್ಲಿ ಸ್ವರ ಬೇಕು. ಅದಕ್ಕೇ "ಬಸ್" ನಮ್ಮಲ್ಲಿ ಬಸ್ಸು ಆಯಿತು, "ಕಾರ್" ಕಾರು ಆಯಿತು. ಗ್ರೀಕರ ಬಾಯಿಗೆ ಕೊನೆಯಲ್ಲಿ ಬಹಳ ಸಲ "ಸ್" ಬೇಕು. ಹಾಗಾಗಿ ಅಸೆತ್ ಐಸಿಸ್ ಆದಳು. ಉಸಿರ್ ಎಂಬಂಥ ಹೆಸರು ಓಸಿರಿಸ್ ಆಯಿತು, ಹೋರ್ ಹೋರಸ್ ಆದ, ಅನ್ಪು ಅನೂಬಿಸ್ ಆದ. ನಾವು ಇಂದು ಈಜಿಪ್ಟಿನ ದೇವರುಗಳನ್ನು ಕರೆಯುವ ಹೆಸರುಗಳಲ್ಲಿ ಬಹುಪಾಲು ಗ್ರೀಕ್ ಬಾಯಿಂದ ಹಾದು ಬಂದವು. ಶಾಲೆಯಲ್ಲಿ ನಿಮ್ಮ ಹೆಸರನ್ನು ಡಚ್ ಟೀಚರ್ ಹೇಗೆ ಕರೆಯುತ್ತಾರೆ, ಮನೆಯಲ್ಲಿ ಅಪ್ಪ ಅಮ್ಮ ಹೇಗೆ ಕರೆಯುತ್ತಾರೆ ಎಂದು ಒಮ್ಮೆ ನೆನಪಿಸಿಕೊಳ್ಳಿ. ನಾನು ಏನು ಹೇಳುತ್ತಿದ್ದೇನೆಂದು ತಿಳಿಯುತ್ತದೆ.

ಹೊಸ ಬಟ್ಟೆ, ಹೊಸ ಗಂಡ, ಹೊಸ ಕೆಲಸ

ಕ್ರಿ.ಪೂ. 332ರಲ್ಲಿ ಅಲೆಕ್ಸಾಂಡರ್ ಈಜಿಪ್ಟನ್ನು ಗೆದ್ದ. ಸಮುದ್ರ ತೀರದಲ್ಲಿ ಅಲೆಕ್ಸಾಂಡ್ರಿಯ ಎಂಬ ಹೊಸ ಊರಿಗೆ ಗೆರೆ ಎಳೆದಾಗ, ಗ್ರೀಕ್ ದೇವರುಗಳ ಗುಡಿಗಳ ಜತೆಗೆ ಈಜಿಪ್ಟಿನ ಐಸಿಸ್‌ಗೂ ಒಂದು ಗುಡಿಯ ಜಾಗ ಗುರುತು ಮಾಡಿದನೆಂದು ಇತಿಹಾಸಕಾರ ಅರಿಯನ್ ಬರೆದಿದ್ದಾನೆ. ಅಲೆಕ್ಸಾಂಡರ್ ಸತ್ತ ಮೇಲೆ ಅವನ ಸೇನಾಪತಿ ಟಾಲೆಮಿ ಈಜಿಪ್ಟಿನ ರಾಜನಾದ. ಆ ವಂಶದವರು ಕ್ರಿ.ಪೂ. 30ರವರೆಗೆ, ಅಂದರೆ ಕ್ಲಿಯೋಪಾತ್ರಾ ಸಾಯುವವರೆಗೆ ಆಳಿದರು. ಐಸಿಸ್ ಅತಿ ಹೆಚ್ಚು ಬದಲಾದದ್ದು ಈ ಮುನ್ನೂರು ವರ್ಷಗಳಲ್ಲಿ.

ಮೊದಲು ಬಟ್ಟೆ. ಹಳೆಯ ಐಸಿಸ್ ಮೈಗಂಟಿದ ಉದ್ದನೆಯ ನಿಲುವಂಗಿ ತೊಟ್ಟು ನೆಟ್ಟಗೆ ನಿಂತವಳು. ಹೊಸ ಐಸಿಸ್‌ಗೆ ಗ್ರೀಕ್ ಹೆಂಗಸರಂತೆ ನೆರಿಗೆಯ ಉಡುಪು, ಗುಂಗುರು ಕೂದಲು, ಎದೆಯ ಮೇಲೆ ಹೊದಿಕೆಗೆ ಹಾಕಿದ ಒಂದು ಗಂಟು. ಆ ಗಂಟೇ ಅವಳ ಗುರುತಾಯಿತು. ತಲೆಯ ಮೇಲಿನ ಕೊಂಬು, ಸೂರ್ಯಬಿಂಬ ಚಿಕ್ಕದಾಗಿ ಹಣೆಯ ಮೇಲೆ ಕೂತವು. ಕೈಯಲ್ಲಿ ಮಾತ್ರ ಹಳೆಯ ಸಿಸ್ಟ್ರಮ್ ಉಳಿಯಿತು. ಅದು ಅಲುಗಾಡಿಸಿದರೆ ಝಲ್ ಎನ್ನುವ ಲೋಹದ ವಾದ್ಯ, ಒಂಥರಾ ಗಿಲಕಿ.

ಆಮೇಲೆ ಗಂಡ. ಟಾಲೆಮಿಯ ಕಾಲದಲ್ಲಿ ಓಸಿರಿಸ್ ಮತ್ತು ಏಪಿಸ್ ಎಂಬ ಪವಿತ್ರ ಗೂಳಿ ಎರಡೂ ಸೇರಿದ ಹೆಸರಿನಿಂದ ಸೆರಾಪಿಸ್ ಎಂಬ ದೇವರು ಮುನ್ನೆಲೆಗೆ ಬಂದ. ಅವನ ಮೂರ್ತಿ ಪೂರ್ತಿ ಗ್ರೀಕ್: ದಟ್ಟ ಗಡ್ಡ, ತಲೆಯ ಮೇಲೆ ಧಾನ್ಯ ಅಳೆಯುವ ಬುಟ್ಟಿ. ಗ್ರೀಕ್ ಊರುಗಳಲ್ಲಿ ಐಸಿಸ್ ಪಕ್ಕದಲ್ಲಿ ಬಹಳ ಸಲ ಕೂತವನು ಇವನೇ.

ಮೂರನೆಯದು ಮಗ. ಇದು ನನಗೆ ಬಹಳ ಇಷ್ಟವಾದ ಭಾಗ. ಈಜಿಪ್ಟಿನ ಚಿತ್ರಗಳಲ್ಲಿ ಚಿಕ್ಕ ಮಗುವನ್ನು ತೋರಿಸಬೇಕಾದರೆ ಬೆರಳನ್ನು ಬಾಯಿಯ ಹತ್ತಿರ ಇಟ್ಟಂತೆ ಬರೆಯುತ್ತಿದ್ದರು. ಮಕ್ಕಳು ಬೆರಳು ಚೀಪುತ್ತಾರಲ್ಲ, ಅಷ್ಟೇ. "ಮಗು ಹೋರಸ್" ಎಂಬುದು ಗ್ರೀಕರ ಬಾಯಲ್ಲಿ ಹಾರ್ಪೊಕ್ರೇಟಿಸ್ ಆಯಿತು. ಅವನ ಮೂರ್ತಿ ನೋಡಿದ ಗ್ರೀಕರು, ರೋಮನ್ನರು "ಓಹೋ, ಇವನು ಶ್… ಸುಮ್ಮನಿರಿ ಎನ್ನುತ್ತಿದ್ದಾನೆ" ಎಂದುಕೊಂಡರು. ಬೆರಳು ಚೀಪುವ ಪಾಪು ಮೌನದ ದೇವರಾಗಿಬಿಟ್ಟಿತು! ಒಂದು ಸಂಸ್ಕೃತಿಯ ಸನ್ನೆ ಇನ್ನೊಂದಕ್ಕೆ ತಿಳಿಯದೆ ಹೋದಾಗ ಏನಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಚಂದದ ಉದಾಹರಣೆ ಬೇಕೇ? ನಮ್ಮವರು "ಸರಿ ಸರಿ" ಎಂದು ತಲೆ ಅಲ್ಲಾಡಿಸಿದ್ದನ್ನು ಇಲ್ಲಿನವರು "ಬೇಡ" ಎಂದು ತಿಳಿದುಕೊಳ್ಳುವುದಿಲ್ಲವೇ, ಹಾಗೆ.

ಕೊನೆಗೆ ಕೆಲಸ. ಹಳೆಯ ಐಸಿಸ್ ನೈಲ್ ನದಿಯ ನೆರೆಯ ಜತೆ ಕೂಡಿಕೊಂಡವಳು. ನದಿ ಉಕ್ಕುವುದು ಗಂಡನಿಗಾಗಿ ಆಕೆ ಸುರಿಸುವ ಕಣ್ಣೀರಿನಿಂದ ಎಂದು ಈಜಿಪ್ಟಿನವರು ಹೇಳುತ್ತಿದ್ದರಂತೆ. ಆದರೆ ಗ್ರೀಕರು ಸಮುದ್ರದ ಜನ, ಅಲೆಕ್ಸಾಂಡ್ರಿಯ ಬಂದರು. ಅಲ್ಲಿ ಆಕೆ ಹಡಗುಗಳನ್ನು ಕಾಯುವ ತಾಯಿಯಾದಳು. ಗಾಳಿಗೆ ಉಬ್ಬಿದ ಹಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಂತೆ ಆಕೆಯನ್ನು ನಾಣ್ಯಗಳ ಮೇಲೆ ಅಚ್ಚು ಹಾಕಿದರು. ರೋಮನ್ನರ ಕಾಲದಲ್ಲಿ ಪ್ರತಿ ವರ್ಷ ಮಾರ್ಚ್ 5ರಂದು, ಚಳಿಗಾಲ ಕಳೆದು ಸಮುದ್ರ ಮತ್ತೆ ತೆರೆದಾಗ, ಆಕೆಯ ಹೆಸರಿನಲ್ಲಿ ಒಂದು ಹಡಗನ್ನು ಸಿಂಗರಿಸಿ ನೀರಿಗೆ ಬಿಡುತ್ತಿದ್ದರು. 2ನೇ ಶತಮಾನದ ಲೇಖಕ ಅಪುಲೇಯಸ್ ಗ್ರೀಸಿನ ಕೆಂಕ್ರಿಯೆ ಬಂದರಿನಲ್ಲಿ ನಡೆದ ಇಂಥ ಮೆರವಣಿಗೆಯನ್ನು ತನ್ನ ಕಾದಂಬರಿಯಲ್ಲಿ ವರ್ಣಿಸಿದ್ದಾನೆ: ಹೂ ಚೆಲ್ಲುವ ಹೆಂಗಸರು, ದೀಪಗಳು, ಹಾಡು, ತಲೆ ಬೋಳಿಸಿ ನಾರುಮಡಿ ಉಟ್ಟ ಅರ್ಚಕರು.

ಕಥೆಯೂ ಬದಲಾಯಿತು. ಐಸಿಸ್ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಕಡೆ ಬರೆದಿಟ್ಟವನು ಈಜಿಪ್ಟಿನವನಲ್ಲ, ಪ್ಲುಟಾರ್ಕ್ ಎಂಬ ಗ್ರೀಕ್. ಅವನ ಪುಸ್ತಕದಲ್ಲಿ ಐಸಿಸ್ ಬಿಬ್ಲೋಸ್ ಎಂಬ ಊರಿಗೆ ಬಂದು, ಅರಮನೆಯಲ್ಲಿ ದಾದಿಯಾಗಿ ಸೇರಿ, ಆ ಮಗುವನ್ನು ಅಮರನನ್ನಾಗಿ ಮಾಡಲು ರಾತ್ರಿ ಬೆಂಕಿಯಲ್ಲಿಡುತ್ತಾಳೆ. ರಾಣಿ ನೋಡಿ ಕಿರುಚಿಕೊಂಡಾಗ ಎಲ್ಲ ನಿಂತುಹೋಗುತ್ತದೆ. ಇದು ಹಳೆಯ ಈಜಿಪ್ಟಿನ ಬರಹಗಳಲ್ಲಿ ಕಾಣಸಿಗುವ ಪ್ರಸಂಗವಲ್ಲ. ಎಲ್ಯೂಸಿಸ್‌ನಲ್ಲಿ ದಿಮೀತರ್ ಮಾಡಿದಳೆಂದು ಗ್ರೀಕರು ಹೇಳುತ್ತಿದ್ದ ಕಥೆಯ ಪಡಿಯಚ್ಚು! "ಐಸಿಸ್ ಎಂದರೆ ನಮ್ಮ ದಿಮೀತರ್" ಎಂದು ಒಮ್ಮೆ ಹೇಳಿದ ಮೇಲೆ ದಿಮೀತರ್ ಕಥೆ ಐಸಿಸ್ ಮನೆಗೆ ಬಂದು ಕೂತದ್ದರಲ್ಲಿ ಆಶ್ಚರ್ಯವೇನಿದೆ?

ಬಂದರಿನಲ್ಲಿ ಒಂದು ಗುಡಿ

ಪೋಷಕರೇ, ಈಗ ಹೇಳುವುದು ನಿಮಗಾಗಿ.

ಅಥೆನ್ಸ್ ನಗರದ ಕಲ್ಲಿನ ಶಾಸನವೊಂದಿದೆ. ಕಾಲ ಕ್ರಿ.ಪೂ. 333–332. ಸೈಪ್ರಸ್ ದ್ವೀಪದ ಕಿತಿಯೋನ್ ಎಂಬ ಊರಿನ ವ್ಯಾಪಾರಿಗಳು ಅಥೆನ್ಸಿನ ಬಂದರಿನಲ್ಲಿ ವಾಸವಿದ್ದರು. ತಮ್ಮ ದೇವಿ ಅಫ್ರೊಡೈಟಿಗೆ ಗುಡಿ ಕಟ್ಟಲು ಜಾಗ ಕೊಳ್ಳಲು ಅನುಮತಿ ಬೇಕೆಂದು ಸಭೆಗೆ ಅರ್ಜಿ ಹಾಕಿದರು. ಹೊರಗಿನವರು ಅಥೆನ್ಸಿನಲ್ಲಿ ಸುಮ್ಮನೆ ಜಾಗ ಕೊಳ್ಳುವಂತಿರಲಿಲ್ಲ. ಸಭೆ ಅನುಮತಿ ಕೊಟ್ಟಿತು. ಆ ಶಾಸನದಲ್ಲಿ ಒಂದು ಚಿಕ್ಕ ಮಾತು ಬರುತ್ತದೆ: ಈಜಿಪ್ಟಿನವರು ಈಗಾಗಲೇ ಐಸಿಸ್ ಗುಡಿ ಕಟ್ಟಿಕೊಂಡಿರುವಂತೆಯೇ ಇವರಿಗೂ ಅವಕಾಶ ಎಂದು.

ಅಂದರೆ ಅಲೆಕ್ಸಾಂಡ್ರಿಯ ಹುಟ್ಟುವ ಮೊದಲೇ, ಯಾವ ರಾಜನ ಅಪ್ಪಣೆಯೂ ಇಲ್ಲದೆ, ಪರದೇಶದ ಬಂದರಿನಲ್ಲಿ ನೆಲೆಸಿದ ಈಜಿಪ್ಟಿನ ಕೆಲವು ಕುಟುಂಬಗಳು ಸೇರಿ ತಮ್ಮ ದೇವಿಗೆ ಒಂದು ಜಾಗ ಮಾಡಿಕೊಂಡಿದ್ದವು. ನಾವು ಇಲ್ಲಿ ಸಭಾಂಗಣ ಬಾಡಿಗೆಗೆ ಹಿಡಿದು, ಗ್ರಾಮಸಭೆಯ ಕಚೇರಿಗೆ ಅರ್ಜಿ ಬರೆದು, ಗಣಪತಿ ಕೂರಿಸುವುದಿಲ್ಲವೇ? ಹಾಗೆಯೇ ಅವರೂ ಮಾಡಿದ್ದರು. ಐಸಿಸ್ ಊರು ಬಿಟ್ಟು ಹೊರಟಾಗ ಆಕೆಯ ಮೂಟೆ ಹೊತ್ತವರಲ್ಲಿ ನಮ್ಮಂಥವರೂ ಇದ್ದರು.

ಹೀಗೆ ಹೊರಟವಳು ಎಲ್ಲೆಲ್ಲಿಗೆ ಹೋದಳು! ಇಟಲಿಯ ಪೊಂಪೆಯಲ್ಲಿ ಆಕೆಯ ಗುಡಿ ಕ್ರಿ.ಶ. 62ರ ಭೂಕಂಪದಲ್ಲಿ ಬಿದ್ದಾಗ ಮತ್ತೆ ಕಟ್ಟಿಸಿದರು. ಕೆಂಪು ಸಮುದ್ರದ ತೀರದ ಬೆರೆನಿಕೆ ಬಂದರಿನಲ್ಲಿ ಆಕೆಗೆ ಗುಡಿಯಿತ್ತು. ನಮ್ಮ ಪಶ್ಚಿಮ ಕರಾವಳಿಯ ಮೆಣಸು ಇಳಿಯುತ್ತಿದ್ದ ಬಂದರು ಅದು. ಅಲ್ಲಿನ ಸೆರಾಪಿಸ್ ಗುಡಿಯ ಬಳಿ ಒಂದು ದೊಡ್ಡ ಭಾರತೀಯ ಗುಡಾಣದಲ್ಲಿ ಸುಮಾರು 7.5 ಕಿಲೋ ಕರಿಮೆಣಸು ಸಿಕ್ಕಿದೆ. 2022ರಲ್ಲಿ ಅದೇ ಊರಿನ ಐಸಿಸ್ ಗುಡಿಯ ಅಂಗಳದಲ್ಲಿ ಒಂದು ಬುದ್ಧನ ಮೂರ್ತಿ ಸಿಕ್ಕಿತು. ಕಲ್ಲು ಮೆಡಿಟರೇನಿಯನ್ ಕಡೆಯದು, ದೇವರು ಭಾರತದ್ದು, ಇದ್ದ ಜಾಗ ಈಜಿಪ್ಟಿನ ದೇವಿಯದು. ಅಲ್ಲಿಯೇ ಸಂಸ್ಕೃತ ಮತ್ತು ಗ್ರೀಕ್ ಎರಡರಲ್ಲೂ ಬರೆದ 3ನೇ ಶತಮಾನದ ಒಂದು ಶಾಸನವೂ ದೊರೆತಿದೆ.

ಇನ್ನೊಂದು ಸ್ವಾರಸ್ಯ. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ತಿಪ್ಪೆಗಳಲ್ಲಿ ಹಳೆಯ ಪಪೈರಸ್ ಹಾಳೆಗಳು ರಾಶಿ ರಾಶಿ ಸಿಕ್ಕವು. ಅವುಗಳಲ್ಲಿ ಒಂದನ್ನು ಕನ್ನಡಿಗರು ಚೆನ್ನಾಗಿ ಬಲ್ಲರು. ಅದು ಭಾರತದ ಕರಾವಳಿಯಲ್ಲಿ ನಡೆಯುವ ಗ್ರೀಕ್ ಪ್ರಹಸನ. ಅದರಲ್ಲಿ ಭಾರತೀಯ ಪಾತ್ರಗಳು ಆಡುವ ಮಾತು ಕನ್ನಡ ಇರಬಹುದೆಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಶ್ ಸೂಚಿಸಿದರು. ನಮ್ಮ ಆರ್. ಶಾಮಶಾಸ್ತ್ರಿ, ಗೋವಿಂದ ಪೈ ಮೊದಲಾದವರು ಅದನ್ನು ಬಿಡಿಸಲು ಶ್ರಮಪಟ್ಟರು. ಒಪ್ಪದ ವಿದ್ವಾಂಸರೂ ಇದ್ದಾರೆ. ಅದೇ ಊರಿನ ಇನ್ನೊಂದು ಹಾಳೆ 1915ರಲ್ಲಿ ಅಚ್ಚಾಯಿತು. ಅದು ಐಸಿಸ್ ಸ್ತುತಿ. ಯಾವ ಯಾವ ಊರಿನವರು ಆಕೆಯನ್ನು ಯಾವ ಯಾವ ಹೆಸರಿನಿಂದ ಕರೆಯುತ್ತಾರೆಂದು ನಮ್ಮ ಸಹಸ್ರನಾಮದಂತೆ ಉದ್ದಕ್ಕೂ ಪಟ್ಟಿ ಮಾಡಿದೆ. ಸೂಸಾದಲ್ಲಿ ನಾನಿಯಾ, ಭಾರತೀಯರಲ್ಲಿ ಮಾಯಾ! ಮಾಯಾ ಎನ್ನುವುದಕ್ಕೆ ಹತ್ತಿರದ ಹೆಸರು ಗ್ರೀಕರ ಪುರಾಣದಲ್ಲೂ ಇದೆ, ಹರ್ಮಿಸ್ ದೇವರ ತಾಯಿಯದು. ಬರೆದವನ ಕಿವಿಗೆ ಪರಿಚಿತವಾಗಿ ಕೇಳಿಸಿದ ಹೆಸರು ಹಾಳೆಗೆ ಇಳಿದಿರಬಹುದು.

ಹಾಗಾದರೆ ಐಸಿಸ್ ಬೆಳೆದಳೋ, ಕರಗಿಹೋದಳೋ? ಎರಡೂ ನಿಜ. ಮೊದಲು ಈಜಿಪ್ಟಿನ ಗರ್ಭಗುಡಿಯೊಳಗೆ ಅರ್ಚಕರಿಗೆ ಮಾತ್ರ ಪ್ರವೇಶವಿತ್ತು. ಹೊಸ ಊರುಗಳಲ್ಲಿ ಗುಲಾಮರೂ, ಹೆಂಗಸರೂ, ಪರದೇಶಿಗಳೂ ಆಕೆಯ ಭಕ್ತರಾಗಿ ದೀಕ್ಷೆ ಪಡೆಯಬಹುದಿತ್ತು. ಆಕೆಯ ತೋಳು ಅಗಲವಾಯಿತು. ಆದರೆ ಎಲ್ಲರ ಹೆಸರೂ ಆಕೆಯದೇ ಆದಾಗ, ತಲೆಯ ಮೇಲಿನ ಆ ಪುಟ್ಟ ಸಿಂಹಾಸನ ಕಣ್ಣಿಗೆ ಬೀಳದಂತಾಯಿತು. ಅದನ್ನು ಓದಲು ಬರುವವರು ಕಡಿಮೆಯಾದರು.

ಕೊನೆಯ ಸಾಲು ಬರೆದವನು

ಈಗ ಕಥೆಯ ಕಷ್ಟದ ಭಾಗ.

ಈಜಿಪ್ಟಿನ ದಕ್ಷಿಣದಲ್ಲಿ ಅಸ್ವಾನ್ ಹತ್ತಿರ ಫೀಲೆ ಎಂಬ ದ್ವೀಪದಲ್ಲಿ ಐಸಿಸ್‌ನ ದೊಡ್ಡ ದೇವಸ್ಥಾನವಿತ್ತು. ಅದರ ಬಹುಭಾಗ ಕಟ್ಟಿಸಿದವರು ಗ್ರೀಕ್ ಮೂಲದ ಟಾಲೆಮಿ ರಾಜರೇ. ಆದರೆ ಅಲ್ಲಿನ ಗೋಡೆಗಳ ಮೇಲೆ ಅವರು ಗ್ರೀಕರಂತೆ ಕಾಣುವುದಿಲ್ಲ, ಹಳೆಯ ಫೇರೋಗಳ ಉಡುಪಿನಲ್ಲಿ ಐಸಿಸ್‌ಗೆ ಕಾಣಿಕೆ ಕೊಡುತ್ತಾ ನಿಂತಿದ್ದಾರೆ. ಊರಾಚೆ ದೇವಿ ಗ್ರೀಕಳಾದಳು, ಊರೊಳಗೆ ಗ್ರೀಕ್ ರಾಜರು ಈಜಿಪ್ಟಿನವರಾದರು!

ಕಾಲ ಉರುಳಿತು, ಕ್ರೈಸ್ತ ಧರ್ಮ ಹರಡಿತು, ಒಂದೊಂದಾಗಿ ಗುಡಿಗಳು ಮುಚ್ಚಿದವು. ಫೀಲೆಯಲ್ಲಿ ಕ್ರಿ.ಶ. 394ರ ಆಗಸ್ಟ್ 24ರಂದು ನೆಸ್ಮೆತೆರಾಖೆಮ್ ಎಂಬ ಐಸಿಸ್ ಅರ್ಚಕ ಗೋಡೆಯ ಮೇಲೆ ಹಳೆಯ ಚಿತ್ರಲಿಪಿಯಲ್ಲಿ ಕೆಲವು ಸಾಲು ಕೆತ್ತಿದ. ಎಂದೆಂದಿಗೂ ಇರಲಿ ಎಂಬ ಆಶಯದ ಬರಹ ಅದು. ನಮಗೆ ಗೊತ್ತಿರುವಂತೆ ಆ ಲಿಪಿಯಲ್ಲಿ ಬರೆದ ಕೊನೆಯ ಶಾಸನ ಅದೇ. ಮೂರು ಸಾವಿರ ವರ್ಷಕ್ಕೂ ಹೆಚ್ಚು ಬಾಳಿದ ಬರವಣಿಗೆ ಅಲ್ಲಿಗೆ ನಿಂತಿತು. 6ನೇ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿ ಆ ದೇವಸ್ಥಾನವನ್ನೂ ಮುಚ್ಚಿಸಿದ.

ಆಮೇಲೆ ಸಾವಿರಕ್ಕೂ ಹೆಚ್ಚು ವರ್ಷಗಳ ಕಾಲ ಐಸಿಸ್ ಹೆಸರು ಜಗತ್ತಿಗೆ ಗೊತ್ತಿತ್ತು, ಕಥೆಯೂ ಗೊತ್ತಿತ್ತು. ಆದರೆ ಗೊತ್ತಿದ್ದದ್ದು ಗ್ರೀಕರೂ ರೋಮನ್ನರೂ ಬರೆದಿಟ್ಟದ್ದರಿಂದ. ಆಕೆಯ ಸ್ವಂತ ಗುಡಿಯ ಗೋಡೆಯ ಮುಂದೆ ನಿಂತು, ಆಕೆಯ ಜನ ಆಕೆಯ ಬಗ್ಗೆ ಏನು ಬರೆದಿದ್ದಾರೆಂದು ಓದಬಲ್ಲ ಒಬ್ಬ ಮನುಷ್ಯನೂ ಭೂಮಿಯ ಮೇಲೆ ಇರಲಿಲ್ಲ.

1822ರಲ್ಲಿ ಶಾಂಪೋಲ್ಯೋ ಎಂಬ ಫ್ರೆಂಚ್ ವಿದ್ವಾಂಸ ಆ ಲಿಪಿಯ ಗುಟ್ಟು ಬಿಡಿಸಿದ. ಒಂದೇ ಆಜ್ಞೆಯನ್ನು ಎರಡು ಭಾಷೆ, ಮೂರು ಲಿಪಿಗಳಲ್ಲಿ ಬರೆದ ರೊಸೆಟ್ಟಾ ಕಲ್ಲು ನೆರವಾಯಿತೆಂದು ನೀವು ಶಾಲೆಯಲ್ಲಿ ಓದಿರುತ್ತೀರಿ. ಇನ್ನೊಂದು ನೆರವನ್ನು ಜನ ಅಷ್ಟಾಗಿ ಹೇಳುವುದಿಲ್ಲ. ಲಿಪಿ ಸತ್ತರೂ ಭಾಷೆ ಪೂರ್ತಿ ಸತ್ತಿರಲಿಲ್ಲ. ಈಜಿಪ್ಟಿನ ಕ್ರೈಸ್ತರು ಚರ್ಚಿನ ಪ್ರಾರ್ಥನೆಗಳಲ್ಲಿ ಆ ಭಾಷೆಯ ಕೊನೆಯ ರೂಪವನ್ನು ಉಳಿಸಿಕೊಂಡಿದ್ದರು. ಅದೇ ಕಾಪ್ಟಿಕ್. ಬರೆಯುವುದು ಗ್ರೀಕ್ ಅಕ್ಷರಗಳಲ್ಲಿ, ಜತೆಗೆ ಕೆಲವು ಹಳೆಯ ಅಕ್ಷರ. ಶಾಂಪೋಲ್ಯೋ ಹುಡುಗನಾಗಿದ್ದಾಗಲೇ ಹಟ ಹಿಡಿದು ಕಾಪ್ಟಿಕ್ ಕಲಿತಿದ್ದ. ಅದರಲ್ಲಿ ಐಸಿಸ್‌ಗೆ "ಏಸೆ" ಎಂಬ ಹೆಸರು ಉಳಿದಿದೆ, ಗ್ರೀಕರ "ಸ್" ಇಲ್ಲದೆ.

ಯೋಚಿಸಿ. ಅರಮನೆಗಳು ಉಳಿಸಲಿಲ್ಲ, ಸೈನ್ಯ ಉಳಿಸಲಿಲ್ಲ. ವಾರಕ್ಕೊಮ್ಮೆ ಒಂದೆಡೆ ಸೇರಿ, ಅರ್ಥ ಪೂರ್ತಿ ಆಗಲಿ ಬಿಡಲಿ, ಹಳೆಯ ಮಾತನ್ನು ಬಾಯಲ್ಲಿ ಹೇಳಿಕೊಂಡು ಬಂದವರು ಉಳಿಸಿದರು. ಭಾನುವಾರ ಬೆಳಿಗ್ಗೆ "ಇವತ್ತು ಕನ್ನಡ ಕ್ಲಾಸಿಗೆ ಹೋಗಲೇಬೇಕಾ?" ಎಂದು ಮಕ್ಕಳು ಮುಖ ಸಪ್ಪೆ ಮಾಡಿದಾಗ ನನಗೆ ನೆನಪಾಗುವುದು ಇದು.

ಲೈಡನ್‌ಗೆ ಹೋಗಿ ಬನ್ನಿ

ಈ ದೇವಿಯನ್ನು ನೋಡಲು ಈಜಿಪ್ಟಿಗೆ ಹೋಗಬೇಕಾಗಿಲ್ಲ. ನಮ್ಮ ಕಾಪೆಲ್ಲೆಯಿಂದ ರೋಟರ್‌ಡ್ಯಾಮ್‌ಗೆ ಹೋಗಿ ರೈಲು ಬದಲಿಸಿದರೆ ಲೈಡನ್ ದೂರವೇನಲ್ಲ. ಅಲ್ಲಿನ ಪ್ರಾಚ್ಯವಸ್ತು ಸಂಗ್ರಹಾಲಯ, ರೈಕ್ಸ್‌ಮ್ಯೂಸಿಯಂ ಫಾನ್ ಔಡ್‌ಹೇಡನ್, ಇದರ ಪ್ರವೇಶದ ಸಭಾಂಗಣದಲ್ಲೇ ತಾಫೆ ಎಂಬ ಊರಿನ ಒಂದು ನಿಜವಾದ ಗುಡಿ ನಿಂತಿದೆ. ರೋಮನ್ ಚಕ್ರವರ್ತಿ ಅಗಸ್ಟಸ್ ಕಾಲದ್ದು, ಐಸಿಸ್ ಹೆಸರಿನೊಂದಿಗೆ ಕೂಡಿಕೊಂಡದ್ದು. ಮುಂದೆ ಅದು ಚರ್ಚೂ ಆಗಿತ್ತು.

ಅದು ಇಲ್ಲಿಗೆ ಬಂದದ್ದು ಹೇಗೆ? ಅಸ್ವಾನ್‌ನಲ್ಲಿ ದೊಡ್ಡ ಅಣೆಕಟ್ಟು ಕಟ್ಟಿದಾಗ ನೈಲ್ ದಡದ ಅನೇಕ ಗುಡಿಗಳು ಮುಳುಗುವುದರಲ್ಲಿದ್ದವು. 1960ರಲ್ಲಿ ಯುನೆಸ್ಕೊ ಜಗತ್ತಿನ ಸಹಾಯ ಕೇಳಿತು. ಫೀಲೆಯ ದೇವಸ್ಥಾನವನ್ನೇ ಕಲ್ಲು ಕಲ್ಲಾಗಿ ಬಿಚ್ಚಿ ಪಕ್ಕದ ಅಗಿಲ್ಕಿಯಾ ದ್ವೀಪದಲ್ಲಿ ಮತ್ತೆ ಜೋಡಿಸಿದರು. ನೆರವಾದ ದೇಶಗಳಿಗೆ ಈಜಿಪ್ಟ್ ಕೆಲವು ಸಣ್ಣ ಗುಡಿಗಳನ್ನು ಉಡುಗೊರೆ ಕೊಟ್ಟಿತು. ನೆದರ್ಲೆಂಡ್ಸ್‌ಗೆ ಬಂದದ್ದು ತಾಫೆ ಗುಡಿ, ಒಟ್ಟು 657 ಕಲ್ಲುಗಳು. 1979ರಿಂದ ಅದನ್ನು ಜನ ನೋಡುತ್ತಿದ್ದಾರೆ. ನೀರನ್ನು ತಡೆಯುವುದೇ ಬದುಕಾದ ಈ ನಾಡಿಗೆ, ನಮ್ಮೂರ ಐಸೆಲ್ ನದಿಗೆ 1958ರಲ್ಲೇ ಪ್ರವಾಹ ತಡೆ ಕಟ್ಟಿದ ಈ ಜನರಿಗೆ, ನೀರಿನಿಂದ ಪಾರಾದ ಗುಡಿ ಬಂದು ಸೇರಿದೆ.

ಅಲ್ಲೇ ನೆಹಲೆನಿಯಾಳನ್ನೂ ನೋಡಲು ಮರೆಯಬೇಡಿ. ಅವಳು ಇದೇ ನೆಲದ, ಜೀಲೆಂಡ್ ಕರಾವಳಿಯ ದೇವಿ. ಪಕ್ಕದಲ್ಲಿ ನಾಯಿ, ಹಣ್ಣಿನ ಬುಟ್ಟಿ, ಕೆಲವು ಕಡೆ ಹಡಗಿನ ಮುಂಭಾಗ. ಹೆಸರು ಇಲ್ಲಿಯದು, ಬರಹ ಲ್ಯಾಟಿನ್, ಕಲ್ಲಿನ ಕೆಲಸ ರೋಮನ್ನರ ಮಾದರಿ. ಸಮುದ್ರ ದಾಟಿ ಸುಖವಾಗಿ ಬಂದ ವ್ಯಾಪಾರಿಗಳು ಹರಕೆ ತೀರಿಸಲು ನಿಲ್ಲಿಸಿದ ಕಲ್ಲುಗಳು. 1647ರಲ್ಲಿ ಡೊಂಬರ್ಗ್ ತೀರದಲ್ಲಿ ಕೆಲವು ಬೆಳಕಿಗೆ ಬಂದವು, 1970ರಲ್ಲಿ ಕೊಲೈನ್ಸ್‌ಪ್ಲಾಟ್ ಬಳಿ ಮೀನುಗಾರರ ಬಲೆಗೆ ಇನ್ನಷ್ಟು ಸಿಕ್ಕವು. ಐಸಿಸ್ ಒಬ್ಬಳಿಗೇ ಹೀಗಾದದ್ದಲ್ಲ ಎಂದು ಅವಳನ್ನು ಕಂಡಾಗ ಗೊತ್ತಾಗುತ್ತದೆ.

ಇನ್ನು ಗೌರಿಯ ಪ್ರಶ್ನೆ

ಕೇಳಿದ ಪುಟ್ಟಿಗೆ ನನ್ನ ಉತ್ತರ ಇದು. ಹೌದಮ್ಮ, ನಿಮ್ಮನೆ ಗೌರಿ ನಿಜವಾದ ಗೌರಿಯೇ. ಮೊರ ಸಿಗದೆ ಬುಟ್ಟಿ ಬಂದರೆ ಗೌರಿಗೇನೂ ಕೊರತೆಯಿಲ್ಲ. ಐಸಿಸ್ ಬಟ್ಟೆ ಬದಲಿಸಿದಳು, ಸಮುದ್ರದ ಕೆಲಸ ಕಲಿತಳು, ಆದರೂ ಮಗುವಿನ ತಾಯಿಯಾಗಿಯೇ ಉಳಿದಳು. ನಿನ್ನ ಅಜ್ಜಿಯ ಗೌರಿಯೂ ಅವರ ಅಜ್ಜಿಯ ಕಾಲದಲ್ಲಿ ಇದ್ದಂತೆ ಇರಲಿಕ್ಕಿಲ್ಲ, ಕೇಳಿ ನೋಡು.

ಆದರೆ ಬೆರಳು ಚೀಪುವ ಪಾಪುವನ್ನು ಮಾತ್ರ ಮರೆಯಬೇಡ. ಏನು ಬದಲಾದರೂ, ಅದು ಯಾಕೆ ಹಾಗಿತ್ತು ಎಂದು ತಿಳಿದವರು ಒಬ್ಬರಾದರೂ ಮನೆಯಲ್ಲಿರಬೇಕು. ಬಾಗಿನಕ್ಕೆ ಮೊರ ಯಾಕೆ ಎಂದು ಗೊತ್ತಿದ್ದು ಬುಟ್ಟಿ ಇಟ್ಟರೆ ಅದು ಹೊಂದಾಣಿಕೆ. ಗೊತ್ತೇ ಇಲ್ಲದೆ ಇಟ್ಟರೆ, ಮುಂದೊಂದು ದಿನ ಯಾರೋ ಆ ಬುಟ್ಟಿಗೆ ತಮಗೆ ತೋಚಿದ ಅರ್ಥ ಕೊಟ್ಟುಬಿಡುತ್ತಾರೆ. ಆಗ ಅಲ್ಲ ಎಂದು ಹೇಳಲು ಯಾರೂ ಇರುವುದಿಲ್ಲ.

ಈ ತಿಂಗಳ ಕೆಲಸ

1. ಈ ವಾರ ಅಜ್ಜಿಗೋ ತಾತನಿಗೋ ವಿಡಿಯೋ ಕರೆ ಮಾಡಿ, ನಿಮ್ಮ ಊರಿನ ದೇವಿಯ ಕಥೆ ಕೇಳಿ. ಪುರಾಣದ ಕಥೆಯಲ್ಲ, ಊರಿನಲ್ಲಿ ಹೇಳುವ ಕಥೆ.

2. ಅದನ್ನು ಕನ್ನಡದಲ್ಲಿ ಹತ್ತು ಸಾಲು ಬರೆಯಿರಿ. ತಪ್ಪಾದರೆ ಚಿಂತೆಯಿಲ್ಲ. ಹೇಳಿದವರ ಹೆಸರು, ಊರು, ತಾರೀಖು ಬರೆಯುವುದನ್ನು ಮಾತ್ರ ಮರೆಯಬೇಡಿ. ನೆಸ್ಮೆತೆರಾಖೆಮ್ ತಾರೀಖು ಬರೆದಿದ್ದರಿಂದಲೇ ನಮಗೆ ಅವನ ದಿನ ಗೊತ್ತು.

3. ಚಿಕ್ಕ ಮಕ್ಕಳು ಐಸಿಸ್‌ಳ ಎರಡು ಚಿತ್ರ ಬರೆಯಿರಿ: ತಲೆಯ ಮೇಲೆ ಸಿಂಹಾಸನ ಇಟ್ಟ ಅಸೆತ್, ಹಾಯಿ ಹಿಡಿದು ನಿಂತ ಐಸಿಸ್. ಎರಡರಲ್ಲೂ ಒಂದೇ ಥರ ಇರುವುದು ಏನು ಎಂದು ಕೆಳಗೆ ಒಂದು ಸಾಲು ಬರೆಯಿರಿ.

4. ಪೋಷಕರೇ, ನಿಮ್ಮ ಮನೆಯ ಹಬ್ಬದಲ್ಲಿ ಇಲ್ಲಿಗೆ ಬಂದ ಮೇಲೆ ಬದಲಾದ ಒಂದು ಸಂಗತಿ, ಬದಲಾಗಬಾರದು ಎಂದು ನೀವು ಹಿಡಿದಿಟ್ಟುಕೊಂಡ ಒಂದು ಸಂಗತಿ, ಎರಡನ್ನೂ ಮಕ್ಕಳ ಮುಂದೆ ಹೇಳಿ. ಅವರು ಯಾಕೆ ಎಂದು ಕೇಳುತ್ತಾರೆ. ಉತ್ತರ ಗೊತ್ತಿಲ್ಲದಿದ್ದರೆ ಅದೇ ಕರೆಯಲ್ಲಿ ನೀವೂ ಅಜ್ಜಿಯನ್ನು ಕೇಳಬಹುದು.

ಬರೆದು ತಂದದ್ದನ್ನು ಮುಂದಿನ ತರಗತಿಯಲ್ಲಿ ಓದೋಣ. ಅಲ್ಲಿಯವರೆಗೆ ಎಲ್ಲರಿಗೂ ಶುಭವಾಗಲಿ.